ಸೆಣಬು, ಕಾರ್ಕ್, ಉಣ್ಣೆ: ಅರವತ್ತು ದಾಟಿದ ಕಾಲಿಗೆ ಯಾವ್ದು ವಾಸಿ?

ಸೆಣಬಿನ ಸೋಲ್ ಇರೋ ಕ್ಯಾನ್ವಾಸ್ ಶೂ, ಕಾರ್ಕ್ ಸ್ಯಾಂಡಲ್, ಉಣ್ಣೆ ಶೂ, ಮೂರನ್ನೂ ಹಾಕ್ಕೊಂಡು ಓಡಾಡಿ ನೋಡಿದೀನಿ. ಈಗ ದಿನಾ ವಾಕಿಂಗ್‌ಗೆ ಹಾಕೋದು ಉಣ್ಣೇದು, ಆದ್ರೆ ಅದು ಗೆದ್ದಿದ್ದು ಬರೀ ಉಣ್ಣೆಯಿಂದಲ್ಲ.

ಸೆಣಬು ಹಗುರ, ಗಾಳಿಯಾಡುತ್ತೆ, ಸವೆದ್ಮೇಲೆ ಮಣ್ಣಲ್ಲಿ ಕೊಳೆತು ಹೋಗುತ್ತೆ. ನೀರು ಬಿದ್ರೆ ಮಾತ್ರ ಕಥೆ ಮುಗೀತು, ನಾರು ಬಲ ಕಳ್ಕೊಳ್ಳುತ್ತೆ, ಒಣಗೋದೂ ನಿಧಾನ, ಅದಕ್ಕೇ ಕೆಳಗೆ ರಬ್ಬರ್ ಪದರ ಅಂಟಿಸಿರ್ತಾರೆ, ಅದಿಲ್ಲದ್ದು ನುಣುಪು ನೆಲದ ಮೇಲೆ ಬೇಡ್ವೇ ಬೇಡ. ವಯಸ್ಸಾದ್ಮೇಲೆ ಹಿಮ್ಮಡಿ ಕೆಳಗಿನ ಕೊಬ್ಬಿನ ಮೆತ್ತೆ ಮೊದಲಿನ ಹಾಗೆ ಹೊಡೆತ ತಡ್ಕೊಳಲ್ಲ, ಈ ಸೋಲ್ ನೋಡಿದ್ರೆ ಚಪ್ಪಟೆ, ಸಿಮೆಂಟ್ ಮೇಲೆ ಸ್ವಲ್ಪ ಹೊತ್ತು ನಡೆದ್ರೆ ಹಿಮ್ಮಡಿ ನೋಯೋಕೆ ಶುರು.

ಕಾರ್ಕ್ ನಾರಲ್ಲ, ಮರದ ತೊಗಟೆ. ಸುಮಾರು 9 ವರ್ಷಕ್ಕೊಮ್ಮೆ ಸುಲೀತಾರೆ, ಅದಕ್ಕೆ ಮರ ಕಡಿಯೋದೇ ಬೇಕಿಲ್ಲ. ಮೊದಮೊದಲು ಗಟ್ಟಿ ಅನ್ಸುತ್ತೆ, ಆಮೇಲೆ ಪಾದದ ಅಚ್ಚಿಗೆ ಕೂರುತ್ತೆ, ನಿಂತು ಕೆಲಸ ಮಾಡೋರಿಗೆ ಇದೇ ಬೆಸ್ಟ್. ನಡೆಯೋಕೆ ಬೇಕಂದ್ರೆ ಹಿಂದೆ ಪಟ್ಟಿ ಇರೋದೇ ತಗೊಳ್ಳಿ. ಪಟ್ಟಿ ಇಲ್ದಿದ್ರೆ ಚಪ್ಪಲಿ ಜಾರದ ಹಾಗೆ ಬೆರಳಲ್ಲೇ ಹಿಡ್ಕೊಂಡು ಕಾಲೆಳೀತಾ ನಡೀತೀವಿ, ಎಡವೋದು ಅಲ್ಲೇ.

ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರ್ಕೊಂಡ್ರೂ ಒದ್ದೆ ಅನ್ಸಲ್ಲ, ವಾಸನೇನೂ ಕಮ್ಮಿ. ಹೆಬ್ಬೆರಳ ಬುಡದಲ್ಲಿ ಗಂಟು ಇರೋರಿಗೆ ಒತ್ತಲ್ಲ, ಹಿಗ್ಗುತ್ತೆ. ಅದೇ ಅದರ ರೋಗಾನೂ ಹೌದು, ಬರ್ತಾ ಬರ್ತಾ ಸಡಿಲಾಗಿ ಪಾದ ಒಳಗೇ ಜಾರುತ್ತೆ, ಹಾಗಾಗಿ ಲೇಸ್ ಇರೋದು ಒಳ್ಳೇದು, ಬಗ್ಗಿ ಕಟ್ಟೋಕಾಗ್ದೇ ಇದ್ರೆ ವೆಲ್ಕ್ರೋ. ಇನ್ನು ಮೇಲ್ಗಡೆ ಉಣ್ಣೆ ಇದ್ರೂ ಎಷ್ಟೋ ಶೂಗಳ ಕೆಳಗಿರೋದು ಫೋಮ್, ಕಬ್ಬಿಂದ ಮಾಡಿದ್ದು ಅಂತಾರಲ್ಲ, ಆ ಫೋಮೂ ಮಣ್ಣಲ್ಲಿ ಕರಗಲ್ಲ! ತೀರಾ ದಪ್ಪ ಮೆತ್ತನೆ ಫೋಮ್ ಆದ್ರೆ ನೆಲ ಎಲ್ಲಿದೆ ಅಂತಾನೇ ಕಾಲಿಗೆ ಗೊತ್ತಾಗಲ್ಲ, ತಿರುವಲ್ಲಿ ವಾಲಿದ ಹಾಗಾಗುತ್ತೆ. ನನ್ನದು ತೆಳು, ಸ್ವಲ್ಪ ಬಿಗಿ ಸೋಲು, ಹಿಮ್ಮಡಿ ಹಿಡಿಯೋ ಭಾಗ ಗಟ್ಟಿ, ಗೆದ್ದಿದ್ದು ಅದಕ್ಕೆ.

ಯಾವ್ದೇ ತಗೊಂಡ್ರೂ ಸಂಜೆ ಹೊತ್ತು ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತೆ, ನಿಂತ್ಕೊಂಡೇ ಅಳತೆ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿ ಆಗಿರೋರು ಶೂ ಒಳಗೆ ಕೈ ಹಾಕಿ ಹೊಲಿಗೆ ಎಲ್ಲಾದ್ರೂ ಉಬ್ಬಿದ್ಯಾ ಅಂತ ಸವರಿ ನೋಡಿ, ಡಾಕ್ಟ್ರಿಗೂ ಒಂದ್ಸಲ ತೋರ್ಸಿ.