ಲೋಗೊ ಕರಡು ತೋರಿಸಲು ವಾಟ್ಸ್‌ಆ್ಯಪ್ಪೋ, ಲಿಂಕೋ, ಕಾಗದವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಗದಕ್ಕೆ. ಗಿರಾಕಿಗೆ ಲೋಗೊದ ಕರಡು ತೋರಿಸಿ ತಿದ್ದುಪಡಿ ಕೇಳಲು ಈಗ ಮೂರು ದಾರಿಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಬಹುದು. ಪಿಡಿಎಫ್ ಅಥವಾ ಫಿಗ್ಮಾದ (ಬ್ರೌಸರಿನಲ್ಲೇ ಡಿಸೈನ್ ಮಾಡುವ ತಂತ್ರಾಂಶ) ಲಿಂಕ್ ಕೊಟ್ಟು ಅಲ್ಲೇ ಟಿಪ್ಪಣಿ ಬರೆಸಬಹುದು. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಎದುರು ಕೂತು, ಅವರ ಕೈಗೆ ಪೆನ್ನು ಕೊಡಬಹುದು. ಮೂರರಲ್ಲೂ ಕೆಲಸ ಮಾಡಿ ನೋಡಿದ ಮೇಲಿನ ಹೋಲಿಕೆ ಇದು. ಕಣ್ಣ ಮುಂದಿರುವುದು ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಅಂಗಡಿ, ಎಣ್ಣೆಗಾಣ, ಸಹಕಾರಿ ಸಂಘಗಳ ಕೆಲಸ. ಇಲ್ಲಿ ಒಂದೇ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರಬೇಕು. ದುಡ್ಡು ಹಾಕಿದ ಅಣ್ಣ ಶಾರ್ಜಾದಲ್ಲಿರುತ್ತಾರೆ, ಅಂಗಡಿ ನೋಡಿಕೊಳ್ಳುವ ತಮ್ಮ ಊರಲ್ಲಿರುತ್ತಾರೆ. ಬೋರ್ಡು ಮಾಡುವ ಫ್ಲೆಕ್ಸಿನವರು ಬೇರೆ, ಲೇಬಲ್ ಮಾಡುವ ಪ್ರೆಸ್ಸಿನವರು ಬೇರೆ.

ವಾಟ್ಸ್‌ಆ್ಯಪ್‌ಗೆ ಖರ್ಚಿಲ್ಲ, ಎಲ್ಲರ ಕೈಯಲ್ಲೂ ಇದೆ, ಉತ್ತರ ಬೇಗ ಬರುತ್ತದೆ. ತೊಂದರೆ ಶುರುವಾಗುವುದು ಕಳಿಸಿದ ಮೇಲೆ ಆ ಚಿತ್ರ ಎಲ್ಲೆಲ್ಲಿ ಸುತ್ತುತ್ತದೆ ಎಂಬಲ್ಲಿ. ಸೋಮವಾರ ಎರಡನೇ ಕರಡು ಕಳಿಸುತ್ತೀರಿ. ಗಿರಾಕಿ ಅದನ್ನು ಮನೆಯ ಗ್ರೂಪಿಗೆ ಹಾಕುತ್ತಾರೆ. ಗ್ರೂಪಿನಿಂದ ಅದು ಭಾವನವರಿಗೆ ಹೋಗುತ್ತದೆ, ಭಾವನವರಿಂದ ಪರಿಚಯದ ಫ್ಲೆಕ್ಸ್ ಅಂಗಡಿಗೆ: ‘ಓಪನಿಂಗ್ ಹತ್ತಿರ ಬಂತು, ಬೋರ್ಡಿಗೆ ಎಷ್ಟಾಗ್ತದೆ ನೋಡಿ ಮಾರಾಯ್ರೆ.’ ಬುಧವಾರ ನೀವು ಮೂರನೇ ಕರಡು ತೋರಿಸಿ ಒಪ್ಪಿಗೆ ಪಡೆಯುತ್ತೀರಿ. ಶುಕ್ರವಾರ ಅಂಗಡಿಯ ಮೇಲೆ ಏರುವ ಬೋರ್ಡಿನಲ್ಲಿ ಇರುವುದು ಎರಡನೆಯದು. ರೇಟು ಕೇಳಲು ಹೋದ ಚಿತ್ರವನ್ನೇ ಆರ್ಡರ್ ಎಂದು ತಿಳಿದು ಪ್ರಿಂಟ್ ಹೊಡೆದಿರುತ್ತಾರೆ. ಚಿತ್ರದ ಮೇಲೆ ಕರಡು ಎಂದು ಎಲ್ಲೂ ಬರೆಯದಿದ್ದರೆ ಅವರನ್ನು ದೂರಿ ಫಲವಿಲ್ಲ.

ಅದೂ ಸರಿಯಾದ ಎರಡನೇ ಕರಡಾಗಿ ಉಳಿದಿರುವುದಿಲ್ಲ. ಫೋಟೋ ಎಂದು ಕಳಿಸಿದ್ದನ್ನು ವಾಟ್ಸ್‌ಆ್ಯಪ್ ಕುಗ್ಗಿಸುತ್ತದೆ. ಮಾಮೂಲಿ ಗುಣಮಟ್ಟದಲ್ಲಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 8 ಅಡಿಯ ಬೋರ್ಡಿನಲ್ಲಿ ಹೆಸರು 6 ಅಡಿ ಹರಡಿದರೆ ಇಂಚಿಗೆ ಸಿಗುವುದು 22 ಪಿಕ್ಸೆಲ್. ಫ್ಲೆಕ್ಸಿಗೆ ಇಂಚಿಗೆ 72 ಇದ್ದರೂ ನಡೆಯುತ್ತದೆ, 22ರಲ್ಲಿ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದನ್ನು ಸರಿಮಾಡಲು ಫ್ಲೆಕ್ಸ್ ಅಂಗಡಿಯಲ್ಲಿ ಎರಡು ಉಪಾಯಗಳಿವೆ, ಎರಡೂ ಲೋಗೊವನ್ನು ಕೆಡಿಸುತ್ತವೆ. ಒಂದು, ಕೋರೆಲ್‌ಡ್ರಾದಲ್ಲಿ (ಡಿಸೈನ್ ತಂತ್ರಾಂಶ) ಚಿತ್ರವನ್ನು ತನ್ನಷ್ಟಕ್ಕೆ ಟ್ರೇಸ್ ಮಾಡಿಸುವುದು, ಎಂದರೆ ಅಂಚು ಹಿಡಿದು ಗೆರೆ ಎಳೆಸುವುದು. ಆಗ ಚೂಪು ಮೂಲೆಗಳು ಉರುಟಾಗುತ್ತವೆ, ಒತ್ತಕ್ಷರದ ಒಳಗಿನ ಸಂದು ಮುಚ್ಚಿಹೋಗುತ್ತದೆ. ಇನ್ನೊಂದು, ಹೆಸರನ್ನು ತಮ್ಮ ಕಂಪ್ಯೂಟರಿನಲ್ಲಿರುವ ಯಾವುದೋ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡುವುದು. ಮೂರು ವಾರ ಕೂತು ತಿದ್ದಿದ ಅಕ್ಷರದ ಜಾಗದಲ್ಲಿ ಮದುವೆ ಕಾಗದದ ಅಕ್ಷರ ಬಂದು ಕೂರುತ್ತದೆ.

ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಅಪಾಯ ಕಡಿಮೆ ಮಾಡಬಹುದು. ಕರಡನ್ನು 800 ಪಿಕ್ಸೆಲ್‌ಗಿಂತ ದೊಡ್ಡದಾಗಿ ಕಳಿಸಬೇಡಿ. ಲೋಗೊದ ಮೇಲೆಯೇ ಓರೆಯಾಗಿ, ತೆಳು ಬೂದು ಬಣ್ಣದಲ್ಲಿ ‘ಕರಡು 2’ ಎಂದು ಬರೆಯಿರಿ. ಮೂಲೆಯಲ್ಲಿ ಬರೆದರೆ ಯಾರಾದರೂ ಕತ್ತರಿಸುತ್ತಾರೆ. ಚಿತ್ರದ ಅಡಿಯ ಸಂದೇಶವಾಗಿ ಬರೆದರೆ ಮುಂದಕ್ಕೆ ಕಳಿಸುವಾಗ ಉದುರಿಹೋಗಬಹುದು. ಹೊಸ ಕರಡು ಕಳಿಸುವ ಮೊದಲು ಹಳೆಯದನ್ನು ‘ಎಲ್ಲರಿಗೂ ಅಳಿಸು’ ಒತ್ತಿ ತೆಗೆಯಿರಿ. ಕಳಿಸಿ ಎರಡೂವರೆ ದಿನ ದಾಟಿದರೆ ಅದು ಆಗುವುದಿಲ್ಲ. ಆದರೂ ಅಷ್ಟರೊಳಗೆ ಬೇರೆಯವರಿಗೆ ಹೋದ ಪ್ರತಿ, ಗ್ಯಾಲರಿಯಲ್ಲಿ ಕೂತ ಪ್ರತಿ ನಿಮ್ಮ ಕೈ ಮೀರಿದ್ದು. ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿಯನ್ನು ಫೋಟೋ ಎಂದು ಕಳಿಸಲೇಬೇಡಿ, ಹಿನ್ನೆಲೆ ತುಂಬಿಕೊಂಡು ಬೇರೆಯೇ ಲೋಗೊ ಕಾಣುತ್ತದೆ. ಕಳಿಸಲೇಬೇಕಾದ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದ ಹಾಗೆ ತಲುಪುತ್ತದೆ.

ಬಣ್ಣದ ವಿಷಯದಲ್ಲೂ ಫೋನನ್ನು ನಂಬುವಂತಿಲ್ಲ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಹಲವರ ಫೋನಿನಲ್ಲಿ ಆನ್ ಇರುತ್ತದೆ. ಹೀಗಾಗಿ ಒಂದೇ ಹಸಿರಿಗೆ ತಮ್ಮ ‘ಮಂಕು’ ಎನ್ನುತ್ತಾರೆ, ಅಣ್ಣ ‘ಕಣ್ಣಿಗೆ ಹೊಡೀತದೆ’ ಎನ್ನುತ್ತಾರೆ, ಇಬ್ಬರೂ ಸರಿ. ವಾಯ್ಸ್ ಮೆಸೇಜಿನಲ್ಲಿ ಬರುವ ತಿದ್ದುಪಡಿಯದು ಇನ್ನೊಂದು ಕಷ್ಟ: ನಾಲ್ಕು ಚಿತ್ರ ಒಟ್ಟಿಗೆ ಕಳಿಸಿದರೆ ‘ಆ ಎರಡನೆಯದ್ದು’ ಯಾವುದೆಂದು ಮತ್ತೆ ಫೋನ್ ಮಾಡಿಯೇ ಕೇಳಬೇಕು.

ಲಿಂಕ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಟಿಪ್ಪಣಿ ಸರಿಯಾಗಿ ಬೇಕಾದ ಜಾಗಕ್ಕೇ ಅಂಟುತ್ತದೆ, ಯಾರು ಯಾವತ್ತು ಏನು ಹೇಳಿದರು ಎಂಬ ದಾಖಲೆ ಉಳಿಯುತ್ತದೆ. ಕಂಪ್ಯೂಟರ್ ಎದುರು ಕೂರುವ ಸಹಕಾರಿ ಸಂಘದ ಕಾರ್ಯದರ್ಶಿ, ಶಾಲೆಯ ಆಡಳಿತ ಮಂಡಳಿ, ಬೇಕಲ ಕಡೆಯ ಹೋಂಸ್ಟೇ ನಡೆಸುವವರಿಗೆ ಇದು ಒಗ್ಗುತ್ತದೆ. ಆದರೆ ಫಿಗ್ಮಾದಲ್ಲಿ ಟಿಪ್ಪಣಿ ಬರೆಯಲು ಖಾತೆ ತೆರೆದು ಒಳಗೆ ಹೋಗಬೇಕು. ಅಡಿಕೆ ಅಂಗಡಿಯ ಗಡಿಬಿಡಿಯಲ್ಲಿರುವವರು ಅಲ್ಲಿಗೇ ಬಿಟ್ಟು, ಪರದೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ. ಅಲ್ಲಿಗೆ ಮೊದಲನೇ ದಾರಿಗೇ ಮರಳಿದ ಹಾಗಾಯಿತು. ಗಿರಾಕಿಯೇ ತಿದ್ದಬಹುದಾದ ಕ್ಯಾನ್ವಾ (ಆನ್‌ಲೈನ್ ಡಿಸೈನ್ ತಾಣ) ಲಿಂಕ್ ಮಾತ್ರ ಕೊಡಬೇಡಿ.

ಇನ್ನು ಕಾಗದ. ಒಂದು ಕಲರ್ ಲೇಸರ್ ಪ್ರಿಂಟಿಗೆ 10ರಿಂದ 20 ರೂಪಾಯಿ, ಜೊತೆಗೆ ಬಸ್ಸಿನ ಖರ್ಚು. ಇಂಕ್‌ಜೆಟ್ ಬೇಡ, ಆಟಿ ತಿಂಗಳ ಮಳೆಗೆ ಬ್ಯಾಗಿನೊಳಗೂ ತೇವ ಹೋಗುತ್ತದೆ, ಬಣ್ಣ ಕದಡುತ್ತದೆ. ಹಾಳೆಯಲ್ಲಿ ಏನಿರಬೇಕೆಂಬುದು ಮುಖ್ಯ. ಒಂದೇ ಲೋಗೊ ಮೂರು ಅಳತೆಯಲ್ಲಿರಲಿ: 12 ಸೆಂಟಿಮೀಟರ್, 4 ಸೆಂಟಿಮೀಟರ್, 1.5 ಸೆಂಟಿಮೀಟರ್. ಕೊನೆಯದು ಬಾಟಲಿ ಮುಚ್ಚಳ, ರಬ್ಬರ್ ಸ್ಟ್ಯಾಂಪ್, ಬಿಲ್ ಪುಸ್ತಕದ ತಲೆಗೆ ಬರುವ ಅಳತೆ. ಪಕ್ಕದಲ್ಲಿ ಬರೇ ಕಪ್ಪಿನಲ್ಲಿ ಒಂದು, ಗಾಢ ಬಣ್ಣದ ಮೇಲೆ ಬಿಳಿಯಲ್ಲಿ ಒಂದು. ಮೇಲೆ ದಪ್ಪಕ್ಕೆ ಕರಡಿನ ಸಂಖ್ಯೆ ಮತ್ತು ದಿನಾಂಕ. ಒಂದು ಹಾಳೆಗೆ ಒಂದೇ ಲೋಗೊ, ಒಂದು ಸುತ್ತಿಗೆ ಹೆಚ್ಚೆಂದರೆ ಮೂರು ಹಾಳೆ. ಮೊದಲ ಸುತ್ತಿನಲ್ಲಿ ಬಣ್ಣವೇ ಬೇಡ. ಬಣ್ಣ ಇದ್ದರೆ ಮಾತೆಲ್ಲ ಬಣ್ಣದ್ದೇ ಆಗುತ್ತದೆ, ಆಕಾರವನ್ನು ಯಾರೂ ನೋಡುವುದಿಲ್ಲ.

ಕಾಗದದ ನಿಜವಾದ ಬೆಲೆ ತಿಳಿಯುವುದು ಆ 1.5 ಸೆಂಟಿಮೀಟರಿನಲ್ಲಿ. ತೆಂಗಿನೆಣ್ಣೆ ಗಾಣಕ್ಕೆ ‘ಕಲ್ಪವೃಕ್ಷ’ ಎಂಬಂಥ ಹೆಸರು ಇದೆ ಎಂದುಕೊಳ್ಳಿ. ನಾಲ್ಕೇ ಅಕ್ಷರ, ಅದರಲ್ಲಿ ಮೂರಕ್ಕೆ ಕೆಳಗೆ ಏನಾದರೊಂದು ಜೋತುಬೀಳುತ್ತದೆ: ಲಕಾರಕ್ಕೆ ಪ ಒತ್ತು, ವಕಾರಕ್ಕೆ ಋ ಗುರುತು, ಕಕಾರಕ್ಕೆ ಷ ಒತ್ತು. ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರೆ ಎಲ್ಲವೂ ಚೆಂದ. ಕಾಗದದಲ್ಲಿ ಹಿಗ್ಗಿಸಲಾಗುವುದಿಲ್ಲ. ಆ ಅಳತೆಯಲ್ಲಿ ಒತ್ತಿನ ಎತ್ತರ ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಪ ಒತ್ತಿಗೂ ಷ ಒತ್ತಿಗೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಶಾಯಿ ಹರಡಿ ಆ ಗೀಟು ಮುಚ್ಚಿದರೆ ‘ಕ್ಷ’ ಹೋಗಿ ‘ಕ್ಪ’ ಉಳಿಯುತ್ತದೆ. ರಬ್ಬರ್ ಸ್ಟ್ಯಾಂಪಿನಲ್ಲಿ 0.3 ಮಿಲಿಮೀಟರಿಗಿಂತ ಸಪೂರದ ಗೆರೆಯೂ ಸಂದೂ ನಿಲ್ಲುವುದಿಲ್ಲ. ಹಾಗಾಗಿ ಸಣ್ಣ ಅಳತೆಗೆ ಬೇರೆಯೇ ಪ್ರತಿ ಬೇಕು: ಒತ್ತನ್ನು ಹತ್ತು ಹದಿನೈದು ಶೇಕಡಾ ದೊಡ್ಡದು ಮಾಡಿ, ಗೆರೆಯನ್ನು ಸ್ವಲ್ಪ ಸಪೂರ ಮಾಡಿ, ಒಳಗಿನ ಸಂದು ಬಿಡಿಸಿ. ಇದು ಗಿರಾಕಿಯ ಕಣ್ಣಿಗೂ ಒಮ್ಮೆಗೇ ಬೀಳುತ್ತದೆ, ವಿವರಿಸಬೇಕಾಗಿಲ್ಲ.

ಅದೇ ಹೆಸರಿನ ಕೆಳಗೆ ಮಲಯಾಳ ಸಾಲು ಬಂದಾಗ ಕನ್ನಡದ ಒತ್ತುಗಳು ಅದರ ತಲೆಗೆ ತಾಗುತ್ತವೆ. ಮಲಯಾಳದಲ್ಲಿ ಕ್ಷ ಒಂದೇ ಅಕ್ಷರವಾಗಿ ಬೆಸೆದುಕೊಂಡಿರುವುದರಿಂದ ಅಲ್ಲಿ ಕೆಳಗಿಳಿಯುವುದು ಕಡಿಮೆ. ಮಲಯಾಳವನ್ನು ಮೇಲೆ, ಕನ್ನಡವನ್ನು ಕೆಳಗೆ ಇಟ್ಟರೆ ಜಾಗ ಉಳಿಯುತ್ತದೆ. ಯಾವುದು ಮೇಲೆ ಎಂಬುದು ಇಲ್ಲಿ ಬರೇ ಜಾಗದ ಪ್ರಶ್ನೆಯಲ್ಲ, ಗಿರಾಕಿಯನ್ನೇ ಕೇಳಿ. ಮಲಯಾಳ ಹಳೆ ಲಿಪಿಯಲ್ಲೋ ಹೊಸ ಲಿಪಿಯಲ್ಲೋ ಎಂದೂ ಮೊದಲೇ ಕೇಳಬೇಕು. 1971ರ ಲಿಪಿ ಸುಧಾರಣೆಯ ನಂತರ ಉ, ಋ ಗುರುತುಗಳು ವ್ಯಂಜನದಿಂದ ಬೇರೆಯಾಗಿ ಪಕ್ಕದಲ್ಲಿ ನಿಲ್ಲುತ್ತವೆ, ಹಲವು ಕೂಡಕ್ಷರಗಳು ಬಿಡಿಯಾಗಿವೆ. ಹೆಸರಿನ ಉದ್ದವೇ ಬದಲಾಗುತ್ತದೆ. ಮಲಯಾಳದ ರಚನ ಫಾಂಟ್ ಹಳೆ ಲಿಪಿಯಲ್ಲಿ ಮೂಡುತ್ತದೆ. ಮೂರೂ ಲಿಪಿ ಒಂದೇ ಮನೆಯವರ ಹಾಗೆ ಕಾಣಬೇಕಿದ್ದರೆ ಏಕ್ ಟೈಪ್ ಎಂಬ ಫಾಂಟ್ ತಂಡದವರ ಅನೇಕ್ ಸರಣಿಯಿಂದ ಶುರುಮಾಡುವುದು ಒಳ್ಳೆಯದು. ಕನ್ನಡ, ಮಲಯಾಳ, ಲ್ಯಾಟಿನ್ ಮೂರೂ ಅದರಲ್ಲಿವೆ, ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೊಂದಿಸಬಹುದು, ಉಚಿತ. ಉರುಟು ಅಕ್ಷರ ಬೇಕಾದರೆ ಅವರದೇ ಬಲೂ: ಕನ್ನಡಕ್ಕೆ ಬಲೂ ತಮ್ಮ, ಮಲಯಾಳಕ್ಕೆ ಬಲೂ ಚೇಟ್ಟನ್.

ಹಾಳೆಯನ್ನು ಕತ್ತರಿಸಿ ಬಾಟಲಿಗೆ ಸುತ್ತಿ ನೋಡಬಹುದು, ಉಳಿದೆರಡು ದಾರಿಯಲ್ಲಿ ಇದು ಸಾಧ್ಯವಿಲ್ಲ. ಪಾರದರ್ಶಕ ಸ್ಟಿಕರ್ ಹಾಕುವ ಯೋಚನೆ ಇದ್ದರೆ ಇದನ್ನು ಮಾಡಲೇಬೇಕು, ಈ ಪರೀಕ್ಷೆಗೆ ಮಾತ್ರ ಪ್ರಿಂಟನ್ನು ಓಎಚ್‌ಪಿ ಶೀಟಿನಲ್ಲಿ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ತೆಗೆಯಿರಿ. ತೆಂಗಿನೆಣ್ಣೆ ಮಧ್ಯಾಹ್ನ ತೆಳು ಹಳದಿ. 24 ಡಿಗ್ರಿಯ ಕೆಳಗಿಳಿಯುವ ಡಿಸೆಂಬರ್ ಬೆಳಗ್ಗೆ ಹೆಪ್ಪುಗಟ್ಟಿ ಬಿಳಿ. ಹಿಂದಿನ ಬಣ್ಣ ಬದಲಾದಂತೆ ಲೋಗೊದ ಹಸಿರೂ ಬದಲಾಗುತ್ತದೆ. ಸ್ಟಿಕರಿನ ಅಡಿಯಲ್ಲಿ ಬಿಳಿ ಪದರ ಹಾಕಿಸಲು ಪ್ರೆಸ್ಸಿನವರಿಗೆ ಹೇಳಬೇಕು, ಅದಕ್ಕೆ ದರ ಬೇರೆ.

ಎದುರು ಕೂತಾಗ ಗಿರಾಕಿಯ ಮಾತನ್ನು ಅವರ ಶಬ್ದದಲ್ಲೇ ಹಾಳೆಯ ಅಂಚಿನಲ್ಲಿ ಬರೆಯಿರಿ, ನಿಮ್ಮ ಅರ್ಥವನ್ನು ಅದರ ಕೆಳಗೆ. ‘ಒಂಚೂರು ದೊಡ್ಡ ಮಾಡಿ’ ಎಂದರೆ ಹೆಚ್ಚಿನ ಸಲ ಅಕ್ಷರದ ಗೆರೆ ಸಪೂರವಾಗಿದೆ ಎಂದು ಅರ್ಥ. ಅಳತೆ ಹಾಗೇ ಇಟ್ಟು ಗೆರೆ ತೋರ ಮಾಡಿದರೆ ಒಪ್ಪುತ್ತಾರೆ. ‘ಖಾಲಿ ಖಾಲಿ ಕಾಣ್ತದೆ’ ಎಂದಾಗ ಹೊಸ ಎಲೆ, ಹೂವು ಸೇರಿಸಬೇಡಿ. ಚಿಹ್ನೆಯನ್ನೂ ಹೆಸರನ್ನೂ ಹತ್ತಿರ ತನ್ನಿ. ಅವರು ಪೆನ್ನು ಹಿಡಿದು ಸುತ್ತು ಹಾಕಿದ ಜಾಗವನ್ನು ಮಾತಿಗಿಂತ ಹೆಚ್ಚು ನಂಬಿ. ಎದ್ದುಬರುವ ಮೊದಲು ಹಾಳೆಯ ಮೇಲೆ ಅವರ ಸಹಿ ಹಾಕಿಸಿಕೊಳ್ಳಿ. ಎರಡು ತಿದ್ದುಪಡಿ ಒಪ್ಪಿದ ಮೊತ್ತದೊಳಗೆ, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲ ಹಾಳೆಯಲ್ಲೇ ಬರೆದಿರಲಿ. ಸಹಿ ಹಾಕಿದ ಹಾಳೆ ಎದುರಿಗಿದ್ದರೆ ಆ ಮಾತು ಜಗಳವಾಗುವುದಿಲ್ಲ.

ಕಾಗದದ ಕೊರತೆ ಶಾರ್ಜಾದ ಅಣ್ಣ. ಅವರಿಗೆ ಅದೇ ಹಾಳೆಯ ಪಿಡಿಎಫನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ತಮ್ಮನ ಎದುರು ಕೂತಿರುವಾಗಲೇ ವಿಡಿಯೊ ಕಾಲ್ ಮಾಡಿಸಿ. ಅಲ್ಲಿ ಗಂಟೆ ನಮಗಿಂತ ಒಂದೂವರೆ ಹಿಂದೆ, ನಮ್ಮ ರಾತ್ರಿ 9ಕ್ಕೆ ಅಲ್ಲಿ 7.30. ಅಕ್ಷರ, ಆಕಾರದ ಬಗ್ಗೆ ಅವರು ಹೇಳಲಿ. ಬಣ್ಣದ ತೀರ್ಮಾನ ಮಾತ್ರ ಹಾಳೆ ಕೈಯಲ್ಲಿರುವ ತಮ್ಮನದು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಲೇಸರ್ ಪ್ರಿಂಟಿನ ಬಣ್ಣವೂ ಪ್ರೆಸ್ಸಿನ ಬಣ್ಣವೂ ಪೂರ್ತಿ ಒಂದೇ ಅಲ್ಲ, ಫೋನಿನ ಹೊಳೆಯುವ ಹಸಿರಿಗಿಂತ ಎಷ್ಟೋ ಹತ್ತಿರ.

ದಿನಕ್ಕೆ ಒಂದೆರಡು ಗಿರಾಕಿಯನ್ನು ಹೋಗಿ ಕಾಣುವ ಅಭ್ಯಾಸವಿದ್ದು, ಪೆರ್ಲ, ಮುಳ್ಳೇರಿಯದವರೆಗೆ ಬಸ್ಸಿನಲ್ಲಿ ಓಡಾಡುವವರಿಗೆ ಕಾಗದವೇ ಸರಿ. ಮೂರು ಸುತ್ತಿನ ಪ್ರಿಂಟ್, ಬಸ್ ಎಲ್ಲ ಸೇರಿ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ತಪ್ಪಾದ ಒಂದು ಬೋರ್ಡು ಅದಕ್ಕಿಂತ ಎಷ್ಟೋ ದುಬಾರಿ. ಬೆಂಗಳೂರು, ಮುಂಬಯಿಯ ಗಿರಾಕಿಗಳೇ ಹೆಚ್ಚಿದ್ದರೆ ಲಿಂಕ್ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಸಮಯ ಗೊತ್ತುಮಾಡಲು ಸಾಕು.

ಕೊನೆಯ ಒಪ್ಪಿಗೆಯಾದ ದಿನವೇ ಫ್ಲೆಕ್ಸಿನವರಿಗೂ ಪ್ರೆಸ್ಸಿನವರಿಗೂ ಫೈಲನ್ನು ನೀವೇ ಕೊಡಿ, ಗಿರಾಕಿಯ ಕೈಯಿಂದ ಹೋಗಲು ಬಿಡಬೇಡಿ. ಕೊಡುವ ಮೊದಲು ಅಕ್ಷರಗಳನ್ನೆಲ್ಲ ಕರ್ವ್ ಮಾಡಬೇಕು, ಎಂದರೆ ಫಾಂಟ್ ಬೇಕಿಲ್ಲದ ಗೆರೆಯ ಆಕಾರಗಳಾಗಿ ಬದಲಿಸಬೇಕು: ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ, ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಶಿಫ್ಟ್ ಸಿ. ಇಲ್ಲದಿದ್ದರೆ ಅಲ್ಲಿಯ ಹಳೆ ಕೋರೆಲ್‌ನಲ್ಲಿ ತೆರೆದಾಗ ಒತ್ತುಗಳು ಚದುರಿ ಪಕ್ಕಕ್ಕೆ ಬಂದು ಕೂರುತ್ತವೆ. ಕರ್ವ್ ಮಾಡದ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ನಿಮ್ಮಲ್ಲಿಡಿ. ಅವರ ಕೋರೆಲ್ ಯಾವ ವರ್ಷದ್ದೆಂದು ಕೇಳಿ ಅದಕ್ಕಿಂತ ಹಳೆಯ ಆವೃತ್ತಿಗೆ ಇಳಿಸಿ ಸೇವ್ ಮಾಡಿ, ಜೊತೆಗೆ ಒಂದು ಪಿಡಿಎಫ್. ಸಹಿ ಇರುವ ಹಾಳೆಯ ನಕಲನ್ನೂ ಕೊಟ್ಟು, ಬೋರ್ಡು ಹೊಡೆಯುವ ಮೊದಲು ಅದರ ಪಕ್ಕ ಇಟ್ಟು ನೋಡಲು ಹೇಳಿ.