ತವರು, ಏಜೆನ್ಸಿ ಆಯಾ, ಸ್ವಂತ ಮನೆ: ಎರಡು ಹೆರಿಗೆ, ಮೂರು ಬಗೆಯ ಬಾಣಂತನ

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಿಸೇರಿಯನ್ ಆದ ಬಾಣಂತಿ ತನ್ನ ಮನೆಯಲ್ಲೇ ಇರಬೇಕು. ಮಗಳು ತವರಿಗೆ ಹೋಗುವ ಬದಲು ತಾಯಿಯೇ ಮಗಳ ಮನೆಗೆ ಬರಬೇಕು, ಬೆಳಿಗ್ಗೆ ಎರೆಯುವುದಕ್ಕೆ ಕೈ ಪಳಗಿದ ಅಜ್ಜಿಯೊಬ್ಬರು ಸಿಗಬೇಕು. ನನ್ನ ಮೊದಲ ಬಾಣಂತನ ತೆಕ್ಕಲಕೋಟೆಯ ತವರಿನಲ್ಲಾಯಿತು. ಎರಡನೆಯದು ಬಳ್ಳಾರಿಯ ನಮ್ಮ ಬಾಡಿಗೆ ಮನೆಯಲ್ಲಿ, ಮೊದಲು ಏಜೆನ್ಸಿಯ ಆಯಾ ಜೊತೆ, ಆಮೇಲೆ ಅವರನ್ನು ಬಿಡಿಸಿ ಅವ್ವ ಮತ್ತು ಅಜ್ಜಿಯ ಜೊತೆ. ಎರಡೂ ಹೆರಿಗೆ ಸಿಸೇರಿಯನ್, ಎರಡೂ ಬೇಸಿಗೆಯಲ್ಲಿ.

ಊಟದ ವಿಷಯದಲ್ಲಿ ತವರಿಗೆ ಸಾಟಿಯಿಲ್ಲ. ಅಂಟಿನ ಉಂಡೆಗೆ ಅವ್ವ ಅಂಟನ್ನು ಒಂದೇ ಸಲ ಬಾಣಲೆಗೆ ಸುರಿಯುವವಳಲ್ಲ. ಒಂದೊಂದು ಹಿಡಿ ತುಪ್ಪಕ್ಕೆ ಹಾಕಿ, ಹರಳು ಅರಳಿ ಬೆಳ್ಳಗಾದ ಮೇಲೆ ತೆಗೆದು, ಒಂದನ್ನು ಬೆರಳಲ್ಲಿ ಒತ್ತಿ ನೋಡುತ್ತಾಳೆ. ನಡುವೆ ಗಟ್ಟಿ ಉಳಿದಿದ್ದರೆ ತಿನ್ನುವಾಗ ಹಲ್ಲಿಗೆ ಅಂಟಿಕೊಳ್ಳುತ್ತದೆ ಎಂದು ಮತ್ತೆ ತುಪ್ಪಕ್ಕೆ ಬಿಡುತ್ತಾಳೆ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಎಲ್ಲ ಸೇರಿದ ಆ ಉಂಡೆ, ಅಳವಿ ಪಾಯಸ, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಬಿಸಿ ಜೋಳದ ರೊಟ್ಟಿ. ಇವನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳಲಾಗದು.

ತವರಿನಲ್ಲಿ ನನ್ನನ್ನು ಹಣ್ಣುಗಾಯಿ ಮಾಡಿದ್ದು ಪಾಯಖಾನೆ. ಬಾಣಂತನದ ಮಾತು ಬಂದಾಗ ಇದನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ತವರು ಮನೆಯಲ್ಲಿ ಅದಿರುವುದು ಹಿತ್ತಲಿನ ಕೊನೆಗೆ. ಹಿಂದಿನ ಬಾಗಿಲಿನ ಹೊಸ್ತಿಲು ಮೊಣಕಾಲಿನ ಹತ್ತಿರ ಬರುವಷ್ಟು ಎತ್ತರ. ದಾಟಿದರೆ ಕಲ್ಲಿನ ಮೆಟ್ಟಿಲು, ಆಮೇಲೆ ಉಬ್ಬುತಗ್ಗಿನ ಹಿತ್ತಲು. ಒಳಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಏಳುವಾಗ ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಗೂಟವೂ ಇಲ್ಲ. ಹೊಟ್ಟೆಯ ಹೊಲಿಗೆ ಹಸಿಯಾಗಿರುವಾಗ ಹಾಗೆ ಕೂತು ಏಳುವುದು ಎಂಥ ನೋವೆಂಬುದನ್ನು ಸಹಜ ಹೆರಿಗೆಯಾದ ಹಿರಿಯರಿಗೆ ಹೇಳಿ ತಿಳಿಸುವುದು ಕಷ್ಟ.

ರಾತ್ರಿಯಂತೂ ಅವ್ವನನ್ನು ಎಬ್ಬಿಸಬೇಕು, ಅವಳು ದೀಪ ಹಿಡಿಯಬೇಕು, ಅಷ್ಟರಲ್ಲಿ ಕೂಸು ಎದ್ದು ಅಳಬೇಕು. ಹೀಗಾಗಿ ನೀರಿನ ಚೊಂಬು ಪಕ್ಕದಲ್ಲೇ ಇದ್ದರೂ ಕುಡಿಯಲು ಮನಸ್ಸಾಗುತ್ತಿರಲಿಲ್ಲ. ಅದಕ್ಕೆ ಸರಿಯಾಗಿ, ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ದೊಡ್ಡಮ್ಮಂದಿರ ಉಪದೇಶ ಬೇರೆ. ಬಳ್ಳಾರಿ ಸೀಮೆಯ ಬಿಸಿಲು, ಹಾಲು ಕುಡಿಯುವ ಕೂಸು, ಗುಟುಕು ಲೆಕ್ಕದಲ್ಲಿ ನೀರು. ಮಲಬದ್ಧತೆ ಶುರುವಾಯಿತು. ಮುಕ್ಕಿದರೆ ಹೊಲಿಗೆ ಜಗ್ಗುತ್ತದೆಂಬ ಭಯಕ್ಕೆ ಊಟವೂ ಕಡಿಮೆಯಾಯಿತು. ಹೊಲಿಗೆ ತೋರಿಸಲು ಹೋದಾಗ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ಎಷ್ಟು ನೀರು ಕುಡಿಯುತ್ತೀರಿ ಎಂಬುದು. ಬಾಯಾರಿದಾಗಲೆಲ್ಲ ಹೊಟ್ಟೆ ತುಂಬ ಕುಡಿಯಬೇಕು, ಹಾಲೂಡಿಸಲು ಕೂರುವಾಗ ಕೈಗೆಟಕುವಂತೆ ನೀರು ಇಟ್ಟುಕೊಳ್ಳಬೇಕು ಎಂದು ಅವ್ವನ ಎದುರಿಗೇ ಹೇಳಿದರು.

ಕೊನೆಗೆ ಅಣ್ಣ ಬಳ್ಳಾರಿಯಿಂದ ಮಡಚುವ ಕಮೋಡ್ ಕುರ್ಚಿ ತಂದ. ಎರಡು ಸಾವಿರ ರೂಪಾಯಿಯ ಆಸುಪಾಸು. ಕೂರುವ ಕಷ್ಟ ಅವತ್ತೇ ತಪ್ಪಿತು, ಹೊಸ್ತಿಲು ಮೆಟ್ಟಿಲು ಹಾಗೇ ಉಳಿದವು. ತವರಿಗೇ ಹೋಗುವುದಾದರೆ ಏಳನೆಯ ತಿಂಗಳಲ್ಲೇ ಆ ಮನೆಯ ಪಾಯಖಾನೆಗೆ ಒಮ್ಮೆ ಹೋಗಿ ಬನ್ನಿ. ತೊಟ್ಟಿಲಿಗಿಂತ ಮೊದಲು ಈ ಕುರ್ಚಿ ಕೊಳ್ಳಿ. ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಗೆ ಹೊಂದಿಕೊಂಡೇ ಕಮೋಡ್ ಇದೆ, ರಾತ್ರಿ ಯಾರನ್ನೂ ಎಬ್ಬಿಸಬೇಕಾಗಿಲ್ಲ. ನನ್ನ ಆಯ್ಕೆಯ ಅರ್ಧ ಭಾರ ಇದೊಂದರ ಮೇಲೆಯೇ ಇದೆ.

ಹೊರಸಿನ ಕೆಳಗೆ ಕೆಂಡ ಇಡುವುದನ್ನು ತವರಿನಲ್ಲಿ ನಾನು ಒಪ್ಪಲಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡವಿದ್ದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಲೋಬಾನದ ಹೊಗೆಯೂ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತವರಿಗೆ ಹೋಗುವವರಿಗೆ ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕು. ನಿಮ್ಮ ಹೆಸರು ನಗರದಲ್ಲಿ, ನೀವು ಹಳ್ಳಿಯಲ್ಲಿ ಎಂದಾದರೆ ಈ ಭೇಟಿಗಳು ತಪ್ಪಿಹೋಗುವ ಸಂಭವವಿದೆ. ಊರು ಮುಟ್ಟಿದ ದಿನವೇ ತಾಯಿ ಕಾರ್ಡ್ ಹಿಡಿದು ಅಲ್ಲಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ.

ಏಜೆನ್ಸಿಯ ಆಯಾ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಂದಾಕೆ ಒಳ್ಳೆಯವರು, ಶುಚಿ, ಹಾಲೂಡಿಸಿದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರು ನಮಗೆ ಹೊಂದಿಕೊಳ್ಳುವಷ್ಟರಲ್ಲಿ ಏಜೆನ್ಸಿಯವರು ಅವರನ್ನು ಬೇರೆ ಮನೆಗೆ ಕಳಿಸಿ ಇನ್ನೊಬ್ಬರನ್ನು ತಂದುಬಿಟ್ಟರು. ಎರಡನೆಯವರು ರಾತ್ರಿ ನನಗೆ ನಿದ್ದೆಯಾಗಲೆಂದು ಕೂಸಿಗೆ ಬಾಟಲಿಯಲ್ಲಿ ಪುಡಿಹಾಲು ಕೊಡೋಣ ಎಂದರು. ಕೂಸು ಮೊಲೆ ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ, ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು ಎಂದು ಗೊತ್ತಿದ್ದ ನಾನು ಒಪ್ಪಲಿಲ್ಲ. ಬಾಣಂತಿಯ ಅಡುಗೆ ಅವರ ಕೆಲಸಕ್ಕೆ ಸೇರಿರಲಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರ ದಾಟುವ ಖರ್ಚು, ಮೇಲೆ ಊಟ, ವಸತಿ. ನಮ್ಮ ಯಜಮಾನರ ಸಂಬಳದಲ್ಲಿ ಅದು ದೊಡ್ಡ ತುತ್ತು.

ಆಮೇಲೆ ಅವ್ವ ಬಂದಳು. ಪಕ್ಕದ ಓಣಿಯ ಅಜ್ಜಿಯನ್ನು ಎರೆಯುವುದಕ್ಕೆ ಗೊತ್ತುಮಾಡಿದೆವು, ದಿನಕ್ಕೆ ಇನ್ನೂರು ರೂಪಾಯಿ, ಬಾಣಂತನ ಮುಗಿದ ಮೇಲೆ ಸೀರೆ. ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿ ಕಾಲು ನೀಡಿ ಕೂರುತ್ತಿದ್ದರು. ನೀರನ್ನು ಮೊದಲು ತಮ್ಮ ಮೊಣಕೈಗೆ ಹಾಕಿಕೊಂಡು ನೋಡಿ, ಕೂಸನ್ನು ಮೊಣಕಾಲಿನ ಕೆಳಗಿನ ಇಳಿಜಾರಿನಲ್ಲಿ ಬೋರಲು ಮಲಗಿಸಿ ಬೆನ್ನಿಗೆ ಎರೆಯುವುದು. ತಲೆಗೆ ಎರೆಯುವಾಗ ಎಡಗೈಯನ್ನು ಹಣೆಗೆ ಚಾವಣಿಯಂತೆ ಹಿಡಿದರೆ ಒಂದು ಹನಿಯೂ ಕಣ್ಣಿಗೆ ಇಳಿಯುತ್ತಿರಲಿಲ್ಲ. ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ, ಜೇನು ನೆಕ್ಕಿಸುವುದು ಬೇಡ, ಬಿಸಿಲೆಂದು ಕೂಸಿಗೆ ನೀರು ಕುಡಿಸುವುದೂ ಬೇಡ ಎಂದು ಮೊದಲ ದಿನವೇ ಕೇಳಿಕೊಂಡೆ. ಅಜ್ಜಿ ಮರುಮಾತಿಲ್ಲದೆ ಒಪ್ಪಿದರು. ನನಗೆ ಬೆನ್ನು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು, ಹೊಲಿಗೆಯ ಹತ್ತಿರ ಕೈ ಹಾಕುತ್ತಿರಲಿಲ್ಲ.

ರಾತ್ರಿಯ ಪಾಳಿ ಯಜಮಾನರದು. ತವರಿನಲ್ಲಿದ್ದಾಗ ಅವರು ಭಾನುವಾರದ ನೆಂಟರಾಗಿದ್ದರು. ಈ ಸಲ ಕೂಸಿನ ಬಟ್ಟೆ ಬದಲಿಸಿ, ತೇಗು ಬರಿಸಿ, ನನ್ನ ಕಬ್ಬಿಣದ ಮಾತ್ರೆಯ ಲೆಕ್ಕವನ್ನೂ ಇಟ್ಟರು. ಅದನ್ನು ಹೆರಿಗೆಯ ನಂತರ 180 ದಿನ ನುಂಗಬೇಕು, ಕ್ಯಾಲ್ಸಿಯಂ ಮಾತ್ರೆಯ ಜೊತೆಗಲ್ಲ, ಚಹಾದ ಜೊತೆಗಂತೂ ಅಲ್ಲ. ದೊಡ್ಡವನ ಶಾಲೆಯೂ ತಪ್ಪಲಿಲ್ಲ.

ಆಸ್ಪತ್ರೆ ಹತ್ತಿರ ಇರುವುದು ನನಗೆ ದೊಡ್ಡ ಧೈರ್ಯ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಕೇಳಿದ ಮೇಲೆ, ಬಾಣಂತಿಯ ನರಳಾಟವನ್ನು ನಂಜು, ಶೀತ ಎಂದು ತಳ್ಳಿಹಾಕುವ ಮಾತು ನನಗೆ ಸಹಿಸುವುದಿಲ್ಲ. ಜ್ವರ, ದುರ್ವಾಸನೆಯ ಸ್ರಾವ, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಕಣ್ಣು ಮಂಜಾಗುವ ತಲೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು: ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಯಿಸುತ್ತ ಕೂರದೆ ಹೊರಡಬೇಕು. ಕೂಸು ಹಾಲು ಬಿಟ್ಟರೆ, ಹಳದಿ ಅಂಗಾಲಿಗೆ ಇಳಿದರೆ ಕೂಡ.

ಅವ್ವ ಬರಲಾಗದಿದ್ದರೆ, ತವರಿನಲ್ಲಿ ಪಾಯಖಾನೆ ಮನೆಯೊಳಗೇ ಇದ್ದರೆ, ಅಥವಾ ತೀರ ಸಣ್ಣ ಬಾಡಿಗೆ ಮನೆಯಾದರೆ ತವರೇ ಮೇಲು. ಆಯಾ ಇಟ್ಟುಕೊಳ್ಳಲೇಬೇಕೆಂದಿದ್ದರೆ ಕೊನೆಯವರೆಗೆ ಒಬ್ಬರೇ ಇರುತ್ತಾರೆಯೇ, ಅಡುಗೆ ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲು ಬರೆಸಿಕೊಳ್ಳಿ. ಎರೆಯುವ ಅಜ್ಜಿಯನ್ನು ಮಾತ್ರ ಕುಬುಸದ ಹೊತ್ತಿಗೇ ಹೇಳಿಡಿ. ಕೈ ಚೆನ್ನಾಗಿರುವವರಿಗೆ ಓಣಿಯಲ್ಲಿ ಬೇಡಿಕೆ ಬಹಳ, ಬೆಳಗಿನ ಒಂದು ಹೊತ್ತಿನಲ್ಲಿ ಅವರು ಎರಡು ಮೂರು ಮನೆಗಿಂತ ಹೆಚ್ಚು ಹಿಡಿಯುವುದಿಲ್ಲ.