ಯಾವ ಹೆಗಡೆ, ಯಾವ ನಾಯ್ಕ: ಎರಡು ಉಲ್ಲೇಖ ಪದ್ಧತಿಗಳ ಹೋಲಿಕೆ

ಶಿರಸಿ ಸೀಮೆಯ ಅಡಿಕೆ ತೋಟಗಳಿಗೆ ಆಧಾರವಾದ ಸೊಪ್ಪಿನ ಬೆಟ್ಟಗಳ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡುಗಳ) ಕುರಿತ ಒಂದೇ ಲೇಖನವನ್ನು ನಾನು ಎರಡು ಬಾರಿ ಸಿದ್ಧಪಡಿಸಬೇಕಾಯಿತು. ಪರಿಸರ ವಿಜ್ಞಾನದ ಪತ್ರಿಕೆಯೊಂದು ಎಪಿಎ ಪದ್ಧತಿಯನ್ನು, ಅಂದರೆ ವಾಕ್ಯದೊಳಗೇ ಕಂಸದಲ್ಲಿ ಲೇಖಕರ ಹೆಸರು ಮತ್ತು ವರ್ಷವನ್ನು ಕೊಡುವ ಕ್ರಮವನ್ನು ಬಯಸಿತ್ತು. ಲೇಖನ ಅಲ್ಲಿ ಸ್ವೀಕೃತವಾಗದೆ ಮರಳಿದ ಬಳಿಕ ಇತಿಹಾಸದ ಸಂಪುಟವೊಂದಕ್ಕಾಗಿ ಅದೇ ಉಲ್ಲೇಖಗಳನ್ನೆಲ್ಲ ಶಿಕಾಗೊ ಪದ್ಧತಿಯ ಅಡಿಟಿಪ್ಪಣಿಗಳಿಗೆ ಇಳಿಸಿದೆ. ಬೇಸರದ ಕೆಲಸವಾದರೂ, ಎರಡನ್ನೂ ಒಂದೇ ಬರಹದ ಮೇಲೆ ಪರೀಕ್ಷಿಸುವ ಅವಕಾಶ ಅದರಿಂದಲೇ ಒದಗಿತು.

ಎಪಿಎ ಕ್ರಮದ ದೊಡ್ಡ ಗುಣವೆಂದರೆ ವರ್ಷವು ಓದುಗರ ಕಣ್ಣೆದುರಿಗೇ ಇರುವುದು. ಬೆಟ್ಟದ ಬಳಕೆಯ ಬಗ್ಗೆ ಬರೆಯುವಾಗ ಮುಂಬಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟವನ್ನೂ ಇತ್ತೀಚಿನ ಸಂಶೋಧನಾ ಲೇಖನಗಳನ್ನೂ ನಾನು ಒಂದೇ ಪ್ಯಾರಾದಲ್ಲಿ ಬಳಸಿದ್ದೆ. ಕಂಸದಲ್ಲಿ 1883 ಎಂದಿದ್ದರೆ ಅದು ಬ್ರಿಟಿಷರ ಕಾಲದ ಮಾತೆಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಅಡಿಟಿಪ್ಪಣಿಗೆ ಬದಲಿಸಿದಾಗ ಆ ವರ್ಷ ಪುಟದ ಬುಡಕ್ಕೆ ಸರಿದುದರಿಂದ, ನಾಲ್ಕು ಕಡೆ ವಾಕ್ಯವನ್ನೇ ತಿದ್ದಿ ಕಾಲವನ್ನು ಬಿಡಿಸಿ ಹೇಳಬೇಕಾಯಿತು.

ಆದರೆ ಹೆಸರಿನ ವಿಷಯಕ್ಕೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಈ ಕ್ರಮ ಏದುಸಿರು ಬಿಡುತ್ತದೆ. ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವುದು ರೂಢಿಯಾದ್ದರಿಂದ, ಅಡ್ಡಹೆಸರನ್ನು ಮುಂದಿಡಬೇಕೆಂಬ ನಿಯಮ ಮೊದಲ ನೋಟಕ್ಕೆ ಸಲೀಸಾಗಿಯೇ ಕಾಣುತ್ತದೆ. ತೊಡಕು ಇರುವುದು ಅಡ್ಡಹೆಸರುಗಳು ಕೆಲವೇ ಆಗಿರುವುದರಲ್ಲಿ. ನನ್ನ ಆಕರಗಳ ಪಟ್ಟಿಯಲ್ಲಿ ಐವರು ಹೆಗಡೆ, ನಾಲ್ವರು ಭಟ್ಟ, ಮೂವರು ನಾಯ್ಕ ಇದ್ದರು. ಬೇರೆ ಬೇರೆ ಕೃತಿಗಳ ಮೊದಲ ಲೇಖಕರ ಅಡ್ಡಹೆಸರು ಒಂದೇ ಆಗಿದ್ದರೆ, ವರ್ಷ ಬೇರೆಯಿದ್ದರೂ ಪ್ರತಿ ಉಲ್ಲೇಖದಲ್ಲಿ ಇನಿಶಿಯಲ್ ಸೇರಿಸಬೇಕೆಂಬುದು ಎಪಿಎ ನಿಯಮ. ಗಣಪತಿ ಹೆಗಡೆಯವರೂ ಗಜಾನನ ಹೆಗಡೆಯವರೂ ಜೊತೆಗೆ ಬಂದರೆ ಆ ಇನಿಶಿಯಲ್ಲಿನಿಂದ ಏನು ಪ್ರಯೋಜನ? ಕನ್ನಡದಲ್ಲಿ ಅದನ್ನು ‘ಗ.’ ಎನ್ನಬೇಕೋ, ಇಂಗ್ಲಿಷಿನ ಉಚ್ಚಾರದಂತೆ ‘ಜಿ.’ ಎನ್ನಬೇಕೋ ಎಂಬ ಪ್ರಶ್ನೆ ಬೇರೆ. ಶ್ರೀಪಾದ ಭಟ್ಟರನ್ನು ‘ಶ್ರೀ. ಭಟ್ಟ’ ಎಂದು ಬರೆದಾಗಲಂತೂ ನಾನು ಉಲ್ಲೇಖ ಕೊಡುತ್ತಿದ್ದೇನೋ, ಮದುವೆಯ ಕರೆಯೋಲೆ ಬರೆಯುತ್ತಿದ್ದೇನೋ ಎಂಬ ಅನುಮಾನ ನನಗೇ ಬಂತು. ಕೊನೆಗೆ ನಿಯಮ ಮೀರಿ ಪಟ್ಟಿಯಲ್ಲಿ ಪೂರ್ಣ ಹೆಸರುಗಳನ್ನೇ ಕೊಟ್ಟೆ. ಅಡಿಟಿಪ್ಪಣಿಯ ಮೊದಲ ಉಲ್ಲೇಖದಲ್ಲಿ ಪೂರ್ಣ ಹೆಸರೇ ಬರುವುದರಿಂದ ಈ ಪಾಡಿಲ್ಲ. ಮುಂದಿನ ಉಲ್ಲೇಖಗಳು ಮೊಟಕಾದರೂ ಕೃತಿಯ ಹೆಸರಿನ ತುಣುಕು ಜೊತೆಗಿರುವುದರಿಂದ ಯಾವ ಹೆಗಡೆಯವರೆಂಬುದು ಗೊತ್ತಾಗುತ್ತದೆ.

ಹಳೆಯ ಕಡತ ಮತ್ತು ಬಾಯಿಮಾತಿನ ಆಕರಗಳಿಗೂ ಅಡಿಟಿಪ್ಪಣಿಯೇ ಒಗ್ಗುತ್ತದೆ. ಅರಣ್ಯ ಇಲಾಖೆಯ ಪತ್ರವೊಂದಕ್ಕೆ ಕಡತದ ಸಂಖ್ಯೆ, ದಿನಾಂಕ, ಅದನ್ನು ಎಲ್ಲಿ ನೋಡಿದೆನೆಂಬ ವಿವರ ಎಲ್ಲವನ್ನೂ ಅಲ್ಲಿ ಹೇಳಬಹುದು, ಬೇಕಿದ್ದರೆ ಪತ್ರದ ಭಾಷೆಯ ಬಗ್ಗೆ ಒಂದು ಮಾತನ್ನೂ ಸೇರಿಸಬಹುದು. ಹಿರಿಯ ತೋಟಿಗರೊಬ್ಬರು ಜಗಲಿಯಲ್ಲಿ ಕುಳಿತು ಹೇಳಿದ ಸಂಗತಿಯನ್ನು ಎಪಿಎ ವೈಯಕ್ತಿಕ ಸಂವಹನವೆಂದು ಪರಿಗಣಿಸುತ್ತದೆ: ಓದುಗರು ಹುಡುಕಿ ನೋಡಲಾಗದ ಆಕರವಾದ್ದರಿಂದ ಕಂಸದಲ್ಲಿ ಹೆಸರು, ‘ವೈಯಕ್ತಿಕ ಸಂವಹನ’ ಎಂಬ ಸೂಚನೆ, ದಿನಾಂಕ ಕೊಟ್ಟರೆ ಸಾಕು, ಪಟ್ಟಿಗೆ ಸೇರಿಸುವಂತಿಲ್ಲ. ತರ್ಕವೇನೋ ಸರಿಯೇ. ಆದರೂ ಲೇಖನದ ಬೆನ್ನೆಲುಬಾದ ಮಾತುಗಳನ್ನು ಕೊಟ್ಟವರೇ ಆಕರಗಳ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ಸಮಾಧಾನ ಕೊಡಲಿಲ್ಲ.

ಅಡಿಟಿಪ್ಪಣಿಯಲ್ಲಿ ನಾನು ಎಡವಿದ್ದು ‘ಅದೇ’ ಎಂಬ ಎರಡಕ್ಷರದಲ್ಲಿ. ಹಿಂದಿನ ಟಿಪ್ಪಣಿಯ ಗ್ರಂಥವನ್ನೇ ಸೂಚಿಸಲು ನಮ್ಮ ಪ್ರಬಂಧಗಳಲ್ಲಿ ‘ಅದೇ, ಪು. 45’ ಎಂದು ಬರೆಯುವುದು ವಾಡಿಕೆ. ಕರಡಿನಲ್ಲಿ ಒಂದು ಪ್ಯಾರಾವನ್ನು ಮೇಲಕ್ಕೆ ಸರಿಸಿದಾಗ ಗೆಜೆಟಿಯರಿನ ಮಾತೊಂದು ಯಾರೋ ಭಟ್ಟರ ಹೆಸರಿಗೆ ಹೋಗಿ ಕುಳಿತಿತ್ತು. 2017ರ ಶಿಕಾಗೊ ಕೈಪಿಡಿ ಇದರ ಬದಲು ಮೊಟಕು ಉಲ್ಲೇಖವನ್ನೇ ಬಳಸಿರೆಂದು ಏಕೆ ಹೇಳಿತೆಂಬುದು ಆಗ ಅರ್ಥವಾಯಿತು.

ಪ್ರಕಟಣೆಯ ಸ್ಥಳದ ಬಗ್ಗೆ ಮಾತ್ರ ನಾನು ಎರಡೂ ಪದ್ಧತಿಗಳ ಹೊಸ ಆವೃತ್ತಿಗಳನ್ನು ಒಪ್ಪಲಾರೆ. ಎಪಿಎ ಅದನ್ನು 2019ರಲ್ಲೇ ಕೈಬಿಟ್ಟಿತು. ಶಿಕಾಗೊ ಕೂಡ 2024ರ ಆವೃತ್ತಿಯಲ್ಲಿ 1900ರ ಈಚಿನ ಪುಸ್ತಕಗಳಿಗೆ ಅದು ಬೇಡವೆಂದಿತು. ಅಂಕೋಲೆಯಲ್ಲೋ ಹೊನ್ನಾವರದಲ್ಲೋ ಮನೆಯ ಹೆಸರಿನಲ್ಲೇ ಅಚ್ಚಾದ ಪುಸ್ತಕವನ್ನು ಹುಡುಕುವವರಿಗೆ ಊರಿನ ಹೆಸರೇ ದಾರಿ.

ಮೊದಲ ಬಾರಿ ಪಟ್ಟಿಯನ್ನು ಕೈಯಾರೆ ಟೈಪು ಮಾಡಿದ್ದೆ. ಎರಡನೆಯ ಬಾರಿಗೆ ಎಲ್ಲವನ್ನೂ ಝೊಟೆರೊದಲ್ಲಿ ಹಾಕಿದೆ. 2006ರಿಂದ ಉಚಿತವಾಗಿ ದೊರೆಯುತ್ತಿರುವ ಈ ತಂತ್ರಾಂಶದಲ್ಲಿ ವಿವರಗಳನ್ನು ಒಮ್ಮೆ ತುಂಬಿದರೆ ಪದ್ಧತಿಯನ್ನು ಕ್ಷಣದಲ್ಲಿ ಬದಲಿಸಬಹುದು. ಹಾಗೆಂದು ನಾವು ತುಂಬಿದ ಹೆಸರು ಸರಿಯೋ ತಪ್ಪೋ ಎಂಬುದು ಅದಕ್ಕೆ ತಿಳಿಯದು. ನಾಯಕ ಮತ್ತು ನಾಯ್ಕ ನಮ್ಮಲ್ಲಿ ಬೇರೆ ಬೇರೆ ಅಡ್ಡಹೆಸರುಗಳು. ಒಂದನ್ನು ಇನ್ನೊಂದರ ಅಚ್ಚಿನ ತಪ್ಪೆಂದು ತಿದ್ದುವಂತಿಲ್ಲ. ಲೇಖನ ಕಳುಹಿಸುವ ಹಿಂದಿನ ದಿನ ಆ ಸಾಲುಗಳನ್ನು ಮಾತ್ರ ಪುಸ್ತಕದ ಮುಖಪುಟ ಎದುರಿಗಿಟ್ಟುಕೊಂಡು ಬೆರಳಿಟ್ಟು ಓದುತ್ತೇನೆ.